ಮಿಡ್ಲ್ ಸ್ಕೂಲ್ ಪಟ್ಟಿ: ಇಷ್ಟದ ಶಾಲೆ ಮೊದಲು ಹಾಕೋದಾ, ಸಿಗೋ ಶಾಲೆ ಮೊದಲು ಹಾಕೋದಾ? (ನ್ಯೂಯಾರ್ಕ್ ನಗರ)

ಬೌನ್_ಬೀದಿ_ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳು ಈಗ ಐದನೇ ಗ್ರೇಡು, ಬರೋ ಸೆಪ್ಟೆಂಬರ್‌ಗೆ ಆರು, ಅಂದ್ರೆ ಮಿಡ್ಲ್ ಸ್ಕೂಲ್ ಶುರು. ಮನೆ ಕ್ವೀನ್ಸ್‌ನ ಶಾಲಾ ಡಿಸ್ಟ್ರಿಕ್ಟ್ 26ಕ್ಕೆ ಬದಲಾಯಿಸಿದ್ದೀವಿ, ಆದರೆ ಶಾಲೆ ಹಳೇದೇ, ಅದು ಡಿಸ್ಟ್ರಿಕ್ಟ್ 25ರಲ್ಲಿದೆ. ಮೈಸ್ಕೂಲ್ಸ್ (ಶಾಲೆಗಳನ್ನ ಕ್ರಮವಾಗಿ ಪಟ್ಟಿ ಮಾಡಿ ಅರ್ಜಿ ಹಾಕೋ ನಗರದ ವೆಬ್‌ಸೈಟ್) ಅಕೌಂಟ್ ಆಗಿದೆ. ರ‍್ಯಾಂಡಮ್ ನಂಬರ್ (ಸೀಟು ಹಂಚೋಕೆ ಕೊಡೋ ಲಾಟರಿ ನಂಬರ್) "ಸಿ2" ಅಂತ ಶುರುವಾಗುತ್ತೆ. ಅದು ಒಳ್ಳೇದೋ ಕೆಟ್ಟದ್ದೋ ಗೊತ್ತಿಲ್ಲ.

ಗಣೇಶ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆಗೆ ಕ್ಯೂ ನಿಂತರೆ ನಾಲ್ಕು ಜನ ನಾಲ್ಕು ಥರ ಹೇಳ್ತಾರೆ. ಬಹಳ ಜನ ಹೇಳೋದು ಇದು: "ನಂಬರ್ ಚೆನ್ನಾಗಿಲ್ಲ ಅಂದ್ರೆ ದೊಡ್ಡ ಹೆಸರಿನ ಶಾಲೆ ಮೊದಲು ಹಾಕಬೇಡಿ, ಅದೂ ಇಲ್ಲ ಇದೂ ಇಲ್ಲ ಅಂತಾಗುತ್ತೆ. ಸಿಗೋ ಶಾಲೇನ ಒಂದನೇ ನಂಬರಿಗೆ ಹಾಕಿ ಸೀಟು ಗಟ್ಟಿ ಮಾಡ್ಕೊಳ್ಳಿ." ಇದು ನಿಜಾನಾ? ಪಟ್ಟಿ ಹೇಗೆ ಕಟ್ಟಬೇಕು, ಎಲ್ಲೆಲ್ಲಿ ಎಡವಟ್ಟಾಗುತ್ತೆ, ತಿಳಿದವರು ಹೇಳಿ.

ಟವೆಲ್_ಹಾಕಬೇಡಿ:

ಆ ಸಲಹೆ ತಪ್ಪು ಮೇಡಂ. ಎಲ್ಲಿಂದ ಬಂತು ಅಂತ ಹೇಳಬಲ್ಲೆ. ಹಿಂದೆ ಕೆಲವು ಡಿಸ್ಟ್ರಿಕ್ಟ್‌ಗಳಲ್ಲಿ ನೀವು ಶಾಲೇನ ಎಷ್ಟನೇದಾಗಿ ಬರೆದಿದ್ದೀರಿ ಅನ್ನೋದು ಆ ಶಾಲೆಗೇ ಕಾಣ್ತಿತ್ತು. ಒಂದನೇದಾಗಿ ಬರೆದವರನ್ನ ಮಾತ್ರ ನೋಡೋ ಶಾಲೆಗಳೂ ಇದ್ವು. ಆಗ ಲೆಕ್ಕ ಹಾಕಿ ಬರೀಲೇಬೇಕಿತ್ತು. ಈಗ ನಿಮ್ಮ ಕ್ರಮ ಶಾಲೆಗೆ ಕಾಣೋದಿಲ್ಲ. ಪದ್ಧತಿ ಹೋಯ್ತು, ಸಲಹೆ ಮಾತ್ರ ಕ್ಯಾಂಟೀನಿನಲ್ಲಿ ಉಳ್ಕೊಂಡಿದೆ.

ಊರಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತೀವಲ್ಲ, ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರಲ್ಲ. ಕಂಪ್ಯೂಟರ್ ಮಾಡೋದು ಹೀಗೆ. ಮೊದಲು ಪ್ರತಿ ಮಗುವನ್ನೂ ಅದರ ಒಂದನೇ ಶಾಲೆಯ ಬಾಗಿಲಿಗೆ ಕಳಿಸುತ್ತೆ. ಶಾಲೆ ತನ್ನ ಸೀಟಿನಷ್ಟು ಮಕ್ಕಳನ್ನ ತಾತ್ಕಾಲಿಕವಾಗಿ ಒಳಗೆ ಕೂರಿಸುತ್ತೆ, ಉಳಿದವರನ್ನ ವಾಪಸ್ ಕಳಿಸುತ್ತೆ. ವಾಪಸ್ ಬಂದ ಮಗು ತನ್ನ ಎರಡನೇ ಶಾಲೆಗೆ ಹೋಗುತ್ತೆ. ಅಲ್ಲಿ ಈಗಾಗಲೇ ಯಾರೋ ಕೂತಿದ್ದಾರೆ ಅನ್ನೋದು ಲೆಕ್ಕಕ್ಕಿಲ್ಲ. ಕೂತವನಿಗಿಂತ ಬಂದವನ ಆದ್ಯತೆ ಅಥವಾ ನಂಬರ್ ಮುಂದಿದ್ದರೆ ಕೂತವನು ಏಳಬೇಕು. ಎದ್ದವನು ತನ್ನ ಮುಂದಿನ ಶಾಲೆಗೆ ನಡೀಬೇಕು. ಯಾರೂ ಏಳಬೇಕಾಗಿಲ್ಲ ಅನ್ನೋ ತನಕ ಇದು ನಡೆಯುತ್ತೆ. ಆಮೇಲಷ್ಟೇ ಸೀಟು ಖಾಯಂ.

ಎರಡೇ ಮಕ್ಕಳನ್ನ ಇಟ್ಕೊಂಡು ನೋಡಿ. ಶಾಲೆ "ಬೇವು", ಶಾಲೆ "ಬೆಲ್ಲ". ಬೇವಿನಲ್ಲಿ ಒಂದೇ ಸೀಟು ಉಳಿದಿದೆ. ನಿಮ್ಮ ಮಗಳು ಬೆಲ್ಲ ಮೊದಲು, ಬೇವು ಆಮೇಲೆ ಬರೆದಿದ್ದಾಳೆ. ಪಕ್ಕದ ಮನೆ ಹುಡುಗ ಬೇವನ್ನೇ ಮೊದಲು ಬರೆದಿದ್ದಾನೆ, ಆದರೆ ಅವನ ನಂಬರ್ ನಿಮ್ಮ ಮಗಳದಕ್ಕಿಂತ ಹಿಂದೆ. ಮೊದಲ ಸುತ್ತಿನಲ್ಲಿ ಬೇವಿನ ಸೀಟಲ್ಲಿ ಅವನು ಕೂರ್ತಾನೆ. ಬೆಲ್ಲದಲ್ಲಿ ಸಿಗದೆ ನಿಮ್ಮ ಮಗಳು ಬೇವಿಗೆ ಬಂದ ಕ್ಷಣ ಅವನು ಏಳ್ತಾನೆ. ಅವಳು ಬೇವನ್ನ ಮೊದಲೇ ಬರೆದಿದ್ದರೂ ಸಿಗ್ತಿದ್ದದ್ದು ಬೇವೇ. ಬೆಲ್ಲಕ್ಕೆ ಒಂದು ಕೈ ನೋಡಿದ್ದರಿಂದ ಅವಳು ಕಳ್ಕೊಂಡಿದ್ದು ಏನೂ ಇಲ್ಲ.

ಕರ್ನಾಟಕದಲ್ಲಿ ಸಿಇಟಿ ಆಪ್ಷನ್ ಎಂಟ್ರಿ ಮಾಡಿದವರಿಗೆ ಇದು ಹೊಸದೇನಲ್ಲ. ರ‍್ಯಾಂಕ್ ಕೆಳಗಿದ್ದರೂ ಇಷ್ಟದ ಕಾಲೇಜನ್ನೇ ಮೇಲೆ ಹಾಕ್ತೀವಿ, ಸಿಗದಿದ್ದರೆ ಮುಂದಿನದಕ್ಕೆ ಇಳಿಯುತ್ತೆ. ಒಂದೇ ವ್ಯತ್ಯಾಸ ಅಂದ್ರೆ ಸಿಇಟಿಯಲ್ಲಿ ಎಲ್ಲ ಕಾಲೇಜಿಗೂ ಒಂದೇ ರ‍್ಯಾಂಕ್. ಇಲ್ಲಿ ಪ್ರತಿ ಶಾಲೆಗೂ ಆದ್ಯತೆಯ ಗುಂಪುಗಳು (ಯಾವ ಮಕ್ಕಳಿಗೆ ಮೊದಲು ಸೀಟು, ಯಾರಿಗೆ ಆಮೇಲೆ ಅನ್ನೋ ವಿಂಗಡಣೆ) ಬೇರೆ ಬೇರೆ. ರ‍್ಯಾಂಡಮ್ ನಂಬರ್ ಕೆಲಸ ಮಾಡೋದು ಆ ಗುಂಪಿನ ಒಳಗೆ ಮಾತ್ರ.

ಈ ಲೆಕ್ಕದ ಮೂಲ 1962ರಲ್ಲಿ ಗೇಲ್ ಮತ್ತು ಶಾಪ್ಲಿ ಬರೆದ ಒಂದು ಪುಟ್ಟ ಗಣಿತದ ಲೇಖನ. ಆಲ್ವಿನ್ ರಾಥ್ ಮತ್ತವರ ಜೊತೆಗಾರರು 2003ರಲ್ಲಿ ಇದನ್ನ ನ್ಯೂಯಾರ್ಕಿನ ಹೈಸ್ಕೂಲುಗಳಿಗೆ ತಂದರು. ರಾಥ್ ಮತ್ತು ಶಾಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಒಂದನೇದಾಗಿ ಬರೆದವರಿಗೇ ಮೊದಲು ಸೀಟು ಕೊಡೋ ಹಳೇ ಪದ್ಧತಿ ಬಾಸ್ಟನ್‌ನಲ್ಲಿತ್ತು. ಅವರೂ 2005ರಲ್ಲಿ ಅದನ್ನ ಕೈಬಿಟ್ಟರು.

ಹದಿನಾರರ_ಮಗ್ಗಿ:

ಮೇಲಿನವರು ಹೇಳಿದ್ದಕ್ಕೆ ನಂಬರಿನ ಲೆಕ್ಕ ಸೇರಿಸುತ್ತೇನೆ. ಆ ನಂಬರಿನಲ್ಲಿ ಒಟ್ಟು 32 ಅಕ್ಷರ, ನಡುನಡುವೆ ಅಡ್ಡಗೀಟು. ಅದು ಹದಿನಾರರ ಲೆಕ್ಕದಲ್ಲಿದೆ: 0ಯಿಂದ 9, ಆಮೇಲೆ ಎ ಅಂದರೆ 10, ಬಿ 11, ಸಿ 12, ಡಿ 13, ಇ 14, ಎಫ್ 15. ಸೊನ್ನೆಯಿಂದ ಶುರುವಾದದ್ದು ಸಾಲಿನ ಮುಂದೆ, ಎಫ್‌ನಿಂದ ಶುರುವಾದದ್ದು ಹಿಂದೆ.

ಮೊದಲ ಎರಡು ಅಕ್ಷರ ಸಾಕು. "ಸಿ2" ಅಂದರೆ 12 × 16 + 2 = 194. ಅದನ್ನು 256ರಿಂದ ಭಾಗಿಸಿದರೆ ಸುಮಾರು 0.76. ಇಡೀ ನಗರದ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗಳ ಮುಂದೆ ಅಂದಾಜು 76 ಜನ. ಚೆನ್ನಾಗಿಲ್ಲ, ಹಾಗಂತ ಮುಳುಗಿಯೂ ಹೋಗಿಲ್ಲ. ಇನ್ನೂ ನಿಖರ ಬೇಕೆಂದರೆ ಮೂರು ಅಕ್ಷರ ತೆಗೆದುಕೊಂಡು 4096ರಿಂದ ಭಾಗಿಸಿ. ಉದಾಹರಣೆಗೆ "4ಬಿ7" ಅಂದರೆ 1024 + 176 + 7 = 1207, ಅಂದರೆ ಶೇ. 29.5ರ ಹತ್ತಿರ. ಎಲ್ಲ ಶಾಲೆಗೂ ಇದೇ ಒಂದು ನಂಬರ್. ಬದಲಾಯಿಸಿ ಅಂತ ಕೇಳಿ ಪ್ರಯೋಜನವಿಲ್ಲ.

ಜನ ತಪ್ಪುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮೈಸ್ಕೂಲ್ಸ್‌ನಲ್ಲಿ ಪ್ರತಿ ಶಾಲೆಯ ಪುಟದಲ್ಲಿ ಹಿಂದಿನ ವರ್ಷ ಎಷ್ಟು ಸೀಟು, ಎಷ್ಟು ಅರ್ಜಿ ಅಂತ ಇರುತ್ತದೆ. "120 ಸೀಟು, 480 ಅರ್ಜಿ, ಸೀಟಿಗೆ ನಾಲ್ಕು ಜನ. ನನ್ನ ನಂಬರ್ 0.25ಕ್ಕಿಂತ ಹಿಂದಿದೆ, ಮುಗಿಯಿತು" ಅಂತ ಕೈಚೆಲ್ಲುತ್ತಾರೆ. ಹಾಗಲ್ಲ. ಆ 480ರಲ್ಲಿ ಶಾಲೆಯನ್ನು ಐದನೆಯದಾಗಿ, ಎಂಟನೆಯದಾಗಿ ಬರೆದವರೂ ಇದ್ದಾರೆ. ಅವರಲ್ಲಿ ಎಷ್ಟೋ ಜನಕ್ಕೆ ತಮ್ಮ ಮೇಲಿನ ಶಾಲೆಯೇ ಸಿಕ್ಕಿ ಈ ಸಾಲಿನಿಂದ ಹೊರಗೆ ಹೋಗಿರುತ್ತಾರೆ. 240 ಜನ ಹಾಗೆ ಹೋದರೆ ನಿಜವಾದ ಪೈಪೋಟಿ ಸೀಟಿಗೆ ಎರಡೇ. ಅದಕ್ಕೇ ಕೊನೆಗೆ ಸೀಟು ಸಿಕ್ಕವರ ನಂಬರ್ ಕಾಗದದ ಲೆಕ್ಕಕ್ಕಿಂತ ಹಿಂದೆ ಸರಿದಿರುತ್ತದೆ.

ಉಲ್ಟಾ ಕೂಡ ಆಗುತ್ತದೆ. ಪುಟದಲ್ಲಿ ಆದ್ಯತೆಯ ಗುಂಪುಗಳನ್ನು ಸಾಲಾಗಿ ಕೊಟ್ಟಿರುತ್ತಾರೆ, ಪಕ್ಕದಲ್ಲಿ ಹೋದ ವರ್ಷ ಯಾವ ಗುಂಪಿಗೆ ಎಷ್ಟು ಆಫರ್ ಹೋಯಿತು ಅಂತಲೂ ಇರುತ್ತದೆ. ಮೊದಲ ಗುಂಪಿನಲ್ಲೇ ಸೀಟು ಮುಗಿದ ಶಾಲೆಯಾದರೆ, ಎರಡನೇ ಗುಂಪಿನಲ್ಲಿರುವ ಮಗುವಿನ ನಂಬರ್ "00" ಆಗಿದ್ದರೂ ಪ್ರಯೋಜನವಿಲ್ಲ. ಆ ಗುಂಪಿನ ಸಾಲು ಓದದೆ ಬರೀ ನಂಬರ್ ಹಿಡಿದುಕೊಂಡು ಕೂರಬೇಡಿ.

ಬೌನ್_ಬೀದಿ_ಅಮ್ಮ:

ಬೇವು ಬೆಲ್ಲ ಅರ್ಥ ಆಯ್ತು, ಥ್ಯಾಂಕ್ಸ್. ನಮ್ಮ ಮನೆಗೆ ಒಂದು ಝೋನ್ ಶಾಲೆ (ಮನೆ ವಿಳಾಸದ ಮೇಲೆ ಗೊತ್ತಾಗೋ ಶಾಲೆ) ಇದೆ. ಅದನ್ನ ಬರೀದೇ ಇದ್ದರೂ ಸಿಗುತ್ತಾ? ಇನ್ನೊಂದು ಡಿಸ್ಟ್ರಿಕ್ಟ್ ಶಾಲೆಗಳೂ ಲಾಗಿನ್ ಮಾಡಿದಾಗ ಕಾಣ್ತಿವೆ, ಅವನ್ನ ಸೇರಿಸಬಹುದಾ? ಅಂಕ ಯಾವ ವರ್ಷದ್ದು ನೋಡ್ತಾರೆ?

ಫಾರಂ_ಪರಿಣಿತ:

ಒಂದೊಂದಾಗಿ ಹೇಳ್ತೀನಿ.

ನಗರದಲ್ಲಿ 32 ಡಿಸ್ಟ್ರಿಕ್ಟ್ ಇವೆ. ಮಗುವಿಗೆ ಎರಡು ಕಡೆಯ ಹಕ್ಕಿದೆ: ಮನೆ ಇರೋ ಡಿಸ್ಟ್ರಿಕ್ಟ್, ಈಗ ಓದ್ತಿರೋ ಸರ್ಕಾರಿ ಶಾಲೆಯ ಡಿಸ್ಟ್ರಿಕ್ಟ್. ನಿಮಗೆ 25, 26 ಎರಡೂ ಸಿಗೋದು ಅದಕ್ಕೇ. ಇದರ ಮೇಲೆ ಇಡೀ ಬರೋಗೆ (ಕ್ವೀನ್ಸ್, ಬ್ರೂಕ್ಲಿನ್ ಥರ ನಗರದ ಐದು ಭಾಗಗಳಲ್ಲಿ ಒಂದು), ಇಡೀ ನಗರಕ್ಕೆ ತೆರೆದಿರೋ ಕೆಲವು ಶಾಲೆಗಳಿವೆ. ಉದಾಹರಣೆಗೆ ಬ್ರೂಕ್ಲಿನ್‌ನ ಕೋನಿ ಐಲ್ಯಾಂಡಿನ ಮಾರ್ಕ್ ಟ್ವೇನ್ ಶಾಲೆ. ಅಲ್ಲಿ ಸಂಗೀತ, ಚಿತ್ರ, ಗಣಿತ ಹೀಗೆ ಪ್ರತಿಭಾ ಪರೀಕ್ಷೆ ಇರುತ್ತೆ. ಲಾಗಿನ್ ಮಾಡಿದಾಗ ಕಾಣೋ ಪಟ್ಟಿ ನಿಮ್ಮ ಮಗುವಿಗೆ ಅರ್ಹತೆ ಇರೋದು. ಲಾಗಿನ್ ಮಾಡದೆ ಸುಮ್ಮನೆ ಹುಡುಕಿದರೆ ಊರಿನ ಎಲ್ಲ ಶಾಲೆ ಬರುತ್ತೆ, ಅದನ್ನ ನೋಡಿ ಆಸೆ ಪಡಬೇಡಿ.

ನಿಮ್ಮ ವಿಷಯದಲ್ಲಿ ಒಂದು ಅಪಾಯ ಇದೆ. ಮನೆ ಬದಲಾಯಿಸಿದ್ದೀವಿ ಅಂದ್ರಿ. ಹೊಸ ವಿಳಾಸ ಶಾಲೆಯ ದಾಖಲೆಗೆ ಹೋಗಿದೆಯಾ? ಮೈಸ್ಕೂಲ್ಸ್‌ನಲ್ಲಿ ವಿಳಾಸ ತಿದ್ದೋಕೆ ಆಗಲ್ಲ. ಈಗಿನ ಶಾಲೆಯ ಆಫೀಸಿಗೆ ವಿಳಾಸದ ಎರಡು ದಾಖಲೆ ಕೊಟ್ಟು ಬದಲಾಯಿಸಬೇಕು, ಅಲ್ಲಿಂದ ಮೈಸ್ಕೂಲ್ಸ್‌ಗೆ ಬರುತ್ತೆ. ಹಳೇ ವಿಳಾಸವೇ ಕೂತಿದ್ದರೆ ಹೊಸ ಮನೆಯ ಝೋನ್ ಶಾಲೆ ನಿಮ್ಮ ಹೆಸರಿಗೆ ಬರೋದೇ ಇಲ್ಲ. ಕೊನೇ ವಾರದಲ್ಲಿ ಇದನ್ನ ಕಂಡುಹಿಡಿದರೆ ಬಹಳ ಓಡಾಟ.

ಝೋನ್ ಶಾಲೆಯ ಪುಟದಲ್ಲಿ ಒಂದು ಪದ ಹುಡುಕಿ. ಝೋನಿನ ಮಕ್ಕಳಿಗೆ ಸೀಟು "ಗ್ಯಾರಂಟಿ" ಅಂತ ಇದೆಯಾ, ಅಥವಾ ಬರೀ "ಆದ್ಯತೆ" ಅಂತ ಇದೆಯಾ? ಎರಡೂ ಒಂದೇ ಅಲ್ಲ. ಏನೇ ಇರಲಿ, ಪಟ್ಟಿಯಲ್ಲಿ ಅದನ್ನ ಬರೀರಿ. ನೀವು ಅದಕ್ಕಿಂತ ಇಷ್ಟಪಡೋ ಶಾಲೆಗಳೆಲ್ಲ ಮೇಲೆ, ಆಮೇಲೆ ಇದು. ಕೆಳಗೆ ಬರೆದಿದ್ದಕ್ಕೆ ಗ್ಯಾರಂಟಿ ಕರಗಲ್ಲ. ಗ್ಯಾರಂಟಿ ಇರೋ ಶಾಲೆಯ ಕೆಳಗೆ ಬರೆದದ್ದು ಮಾತ್ರ ದಂಡ, ಅಲ್ಲಿ ತನಕ ಕಂಪ್ಯೂಟರ್ ಇಳಿಯೋದೇ ಇಲ್ಲ. ಅಂದ್ರೆ ನಿಮ್ಮ ಮಗಳ "ಸಿ2" ಬಗ್ಗೆ ನೀವು ನಿದ್ದೆಗೆಡೋ ಅಗತ್ಯ ಬಹಳ ಕಡಿಮೆ. ಝೋನೇ ಇಲ್ಲದ ಡಿಸ್ಟ್ರಿಕ್ಟ್‌ನವರ ಕಥೆ ಬೇರೆ. ಬ್ರೂಕ್ಲಿನ್‌ನ ಡಿಸ್ಟ್ರಿಕ್ಟ್ 15ರಲ್ಲಿ 2019ರಿಂದ ಅಂಕ ನೋಡೋ ಪದ್ಧತಿಯನ್ನೇ ತೆಗೆದು ಲಾಟರಿ ಮಾಡಿದ್ದಾರೆ. ಪ್ರತಿ ಶಾಲೆಯಲ್ಲೂ ಶೇ. 52 ಸೀಟಿಗೆ ಕಡಿಮೆ ಆದಾಯದ, ಇಂಗ್ಲಿಷ್ ಕಲೀತಿರೋ, ಸ್ವಂತ ನೆಲೆಯಿಲ್ಲದ ಮಕ್ಕಳಿಗೆ ಆದ್ಯತೆ. ಅಂಥ ಕಡೆ ಪಟ್ಟಿ ಉದ್ದ ಇರಬೇಕು. ಎರಡು ಮೂರು ಹೆಸರು ಬರೆದು ಕೈ ಕಟ್ಟಿಕೊಂಡರೆ, ಕೊನೆಗೆ ಸೀಟು ಉಳಿದಿರೋ ಯಾವುದೋ ಶಾಲೆಗೆ ಹಾಕ್ತಾರೆ.

ಅಂಕದ ವಿಷಯ. ಅಂಕ ನೋಡೋ ಶಾಲೆಗಳು ನೋಡೋದು ನಾಲ್ಕನೇ ಗ್ರೇಡಿನ ಕೊನೆಯ ರಿಪೋರ್ಟ್ ಕಾರ್ಡ್. ಐದನೇ ಗ್ರೇಡಿನದ್ದಲ್ಲ, ರಾಜ್ಯದ ಪರೀಕ್ಷೆಯದ್ದೂ ಅಲ್ಲ. ಯಾವ ವಿಷಯಕ್ಕೆ ಎಷ್ಟು ತೂಕ ಅಂತ ಆಯಾ ಶಾಲೆಯ ಪುಟದಲ್ಲೇ ಇರುತ್ತೆ. ಸಮ ಅಂಕ ಬಂದವರ ನಡುವೆ ಮತ್ತೆ ಅದೇ ರ‍್ಯಾಂಡಮ್ ನಂಬರ್. ಕೊರೋನಾ ಕಾಲದಲ್ಲಿ, 2020ರ ಡಿಸೆಂಬರ್‌ನಲ್ಲಿ, ಮಿಡ್ಲ್ ಸ್ಕೂಲುಗಳಲ್ಲಿ ಅಂಕ ನೋಡೋದನ್ನ ನಗರ ಪೂರ್ತಿ ನಿಲ್ಲಿಸಿದ್ದರು. 2022ರಲ್ಲಿ ಮತ್ತೆ ಬೇಕೋ ಬೇಡವೋ ಅನ್ನೋದನ್ನ ಆಯಾ ಡಿಸ್ಟ್ರಿಕ್ಟ್‌ನ ಸೂಪರಿಂಟೆಂಡೆಂಟ್‌ಗಳಿಗೆ ಬಿಟ್ಟರು. ಆದ್ದರಿಂದ ಅಣ್ಣನ ಕಾಲದ ನಿಯಮ ತಮ್ಮನಿಗೆ ಇರುತ್ತೆ ಅಂದ್ಕೋಬೇಡಿ.

ಇನ್ನು ಬಟನ್ ಒತ್ತೋ ಕೆಲಸ. ಅರ್ಜಿ ಅಕ್ಟೋಬರ್‌ನಲ್ಲಿ ತೆರೆಯುತ್ತೆ, ಡಿಸೆಂಬರ್‌ನಲ್ಲಿ ಮುಚ್ಚುತ್ತೆ. ಮೊದಲ ದಿನ ಹಾಕಿದರೂ ಕೊನೇ ದಿನ ಹಾಕಿದರೂ ಒಂದೇ, ಓಟದ ಪಂದ್ಯ ಅಲ್ಲ. ಆದರೆ ಪಟ್ಟಿ ಸೇವ್ ಆಗಿದ್ದು ಬೇರೆ, ಸಬ್ಮಿಟ್ ಆಗಿದ್ದು ಬೇರೆ. ಶಾಲೆಗಳನ್ನ ಎಳೆದು ಜೋಡಿಸಿ, ಕ್ರಮ ನೋಡಿ ಖುಷಿಪಟ್ಟು, ಕಿಟಕಿ ಮುಚ್ಚಿ ಎದ್ದು ಹೋದರೆ ಅರ್ಜಿ ಹೋಗಿರಲ್ಲ. ಸಬ್ಮಿಟ್ ಒತ್ತಿದ ಮೇಲೆ ಬರೋ ದೃಢೀಕರಣ ನೋಡಿ. ಆಮೇಲೂ ಕೊನೇ ದಿನದ ತನಕ ಬದಲಾಯಿಸಬಹುದು, ಪ್ರತಿ ಬದಲಾವಣೆಗೂ ಮತ್ತೆ ಸಬ್ಮಿಟ್ ಒತ್ತಬೇಕು.

ಅಕೌಂಟ್ ಇನ್ನೂ ಆಗದವರಿಗೆ: ಶಾಲೆಯಿಂದ ಬರೋ ಸ್ವಾಗತ ಪತ್ರದಲ್ಲಿ ಮಗುವಿನ ಒಂಬತ್ತು ಅಂಕಿಯ ಓಸಿಸ್ ನಂಬರ್ (ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಮತ್ತು ಅಕೌಂಟ್ ಕೋಡ್ ಇರುತ್ತೆ. ಕಳೆದಿದ್ದರೆ ಶಾಲೆಯ ಕೌನ್ಸೆಲರ್ ಹತ್ರ ಕೇಳಿ. ರಿಪೋರ್ಟ್ ಕಾರ್ಡ್ ನೋಡೋ ಅಕೌಂಟಿಗೂ ಮೈಸ್ಕೂಲ್ಸ್‌ಗೂ ಸಂಬಂಧ ಇಲ್ಲ, ಅದರ ಪಾಸ್‌ವರ್ಡ್ ಇಲ್ಲಿ ನಡೆಯಲ್ಲ. ಕಂಪ್ಯೂಟರ್ ಬೇಡ ಅನ್ನೋವ್ರು ಕೌನ್ಸೆಲರ್ ಮೂಲಕವೇ ಅರ್ಜಿ ಹಾಕಬಹುದು. ಕನ್ನಡದಲ್ಲಿ ವೆಬ್‌ಸೈಟ್ ಇಲ್ಲ. ಅನುವಾದಕರು ಬೇಕು ಅಂತ ಶಾಲೆಯಲ್ಲಿ ಕೇಳಿದರೆ ಫೋನಿನಲ್ಲಿ ಜೋಡಿಸ್ತಾರೆ, ಅಜ್ಜ ಅಜ್ಜಿ ಮಗು ನೋಡಿಕೊಳ್ತಿರೋ ಮನೆಗಳಿಗೆ ಇದು ಉಪಯೋಗ.

ಜನವರಿಗೆ_ಬರ್ತೀವಿ:

ಮಧ್ಯದಲ್ಲಿ ಬಂದೆ, ಕ್ಷಮಿಸಿ. ಬೆಂಗಳೂರಿಂದ ಜನವರಿಯಲ್ಲಿ ಬರ್ತಿದ್ದೀವಿ. ಮಗ 2015ರ ನವೆಂಬರ್‌ನಲ್ಲಿ ಹುಟ್ಟಿದ್ದು. ಈಗಲೇ ಇಲ್ಲಿಂದ ಅರ್ಜಿ ಹಾಕಬಹುದಾ? ಟಿಸಿ ತರಬೇಕಾ?

ಫಾರಂ_ಪರಿಣಿತ:

ಅಲ್ಲಿಂದ ಆಗಲ್ಲ ಸರ್, ನಗರದಲ್ಲಿ ವಾಸ ಇರಬೇಕು. ಇಲ್ಲಿ ಗ್ರೇಡು ಲೆಕ್ಕ ಹಾಕೋದು ಹುಟ್ಟಿದ ಇಸವಿ ಮೇಲೆ, ಜನವರಿಯಿಂದ ಡಿಸೆಂಬರ್. 2015ರಲ್ಲಿ ಹುಟ್ಟಿದವರೆಲ್ಲ 2025-26ಕ್ಕೆ ಐದನೇ ಗ್ರೇಡು. ಬೆಂಗಳೂರಲ್ಲಿ ನಾಲ್ಕನೇ ಕ್ಲಾಸಿನಲ್ಲಿದ್ದರೂ ಇಲ್ಲಿ ಐದು ಅಂತಲೇ ಬರುತ್ತೆ. ಬಂದ ತಕ್ಷಣ ಐದಕ್ಕೆ ಸೇರಿಸಿ. ಡಿಸೆಂಬರ್ ದಾಟಿರೋದರಿಂದ ಆರನೇ ಗ್ರೇಡಿನ ಸೀಟಿಗೆ ಫ್ಯಾಮಿಲಿ ವೆಲ್‌ಕಮ್ ಸೆಂಟರಿಗೆ ಹೋಗಬೇಕು, ಪ್ರತಿ ಬರೋದಲ್ಲೂ ಇವೆ. ಝೋನ್ ಇರೋ ಏರಿಯಾದಲ್ಲಿ ಮನೆ ಹಿಡಿದರೆ ತಡವಾಗಿ ಬಂದವರಿಗೆ ತಲೆಬಿಸಿ ಕಡಿಮೆ. ಬಾಡಿಗೆ ಕರಾರಿಗೆ ಸಹಿ ಹಾಕೋ ಮೊದಲು ಆ ಮನೆ ನಂಬರ್ ಕೊಟ್ಟು ನಗರದ ಸಹಾಯವಾಣಿ 311ರಲ್ಲಿ ಝೋನ್ ಯಾವುದು ಅಂತ ಕೇಳಿ. ರಸ್ತೆಯ ಆ ಬದಿ ಒಂದು ಶಾಲೆ, ಈ ಬದಿ ಇನ್ನೊಂದು ಇರುತ್ತೆ.

ಟಿಸಿ ಯಾರೂ ಕೇಳಲ್ಲ. ಪಾಸ್‌ಪೋರ್ಟ್ ಅಥವಾ ಜನನ ಪತ್ರ, ಹಿಂದಿನ ಮಾರ್ಕ್ಸ್ ಕಾರ್ಡ್, ಲಸಿಕೆ ದಾಖಲೆ, ವಿಳಾಸಕ್ಕೆ ಎರಡು ಪುರಾವೆ, ಇಷ್ಟು. ವೀಸಾ ಸ್ಥಿತಿ ಕೇಳೋ ಹಾಗಿಲ್ಲ. ಬಂಧುಗಳ ಮನೆಯಲ್ಲಿ ಇಳ್ಕೊಂಡಿದ್ದರೆ ಮನೆಯವರಿಂದ ನೋಟರಿ ಮಾಡಿಸಿದ ಅಫಿಡವಿಟ್ ಬೇಕು.

ಎಡವೋದು ಲಸಿಕೆಯಲ್ಲಿ. ಚಿಕನ್‌ಪಾಕ್ಸ್ ಲಸಿಕೆ ಎರಡು ಡೋಸ್ ಇಲ್ಲಿ ಕಡ್ಡಾಯ, ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಅದು ಇಲ್ಲ. ಖಾಸಗಿ ಡಾಕ್ಟರ್ ಹತ್ರ ಹಾಕಿಸಿದ್ದರೆ ಆ ಕಾರ್ಡ್ ಹುಡುಕಿ ತನ್ನಿ. ಆರನೇ ಗ್ರೇಡಿಗೆ, 11 ತುಂಬಿದವರಿಗೆ ಟಿಡ್ಯಾಪ್ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮಿನ ಲಸಿಕೆ) ಬೇಕು. ಅಲ್ಲಿ 10 ವರ್ಷಕ್ಕೆ ಹಾಕೋದು ಟಿಡಿ. ಅದರಲ್ಲಿ ನಾಯಿಕೆಮ್ಮಿನ ಭಾಗ ಇಲ್ಲ, ಹಾಗಾಗಿ ಲೆಕ್ಕಕ್ಕೆ ಬರಲ್ಲ.

ಸೇರುವಾಗ ಮನೆಭಾಷೆಯ ಫಾರಂ ತುಂಬಿಸ್ತಾರೆ. ಕನ್ನಡ ಅಂತ ನಿಜವನ್ನೇ ಬರೀರಿ. ಮಗುವಿನ ಜೊತೆ ಮಾತಾಡಿ ನೋಡ್ತಾರೆ, ಬೇಕಿದ್ದರೆ ಇಂಗ್ಲಿಷ್ ಪರೀಕ್ಷೆ ಕೊಡ್ತಾರೆ. ಅದರಲ್ಲಿ ಕಡಿಮೆ ಬಂದರೆ ಇಂಗ್ಲಿಷ್‌ಗೆ ಹೆಚ್ಚಿನ ಸಹಾಯ ಸಿಗುತ್ತೆ ಅಷ್ಟೆ, ಹಿಂದಿನ ಗ್ರೇಡಿಗೆ ತಳ್ಳಲ್ಲ.

ಹದಿನಾರರ_ಮಗ್ಗಿ:

ಆಫರ್ ಬಂದ ಮೇಲಿನ ಮಾತು ಯಾರೂ ಹೇಳಲಿಲ್ಲ. ವಸಂತದಲ್ಲಿ ಆಫರ್ ಬರುತ್ತದೆ. ಸಿಕ್ಕ ಶಾಲೆಗಿಂತ ಮೇಲೆ ಬರೆದವೆಲ್ಲದರ ವೇಟ್‌ಲಿಸ್ಟಿನಲ್ಲಿ ಹೆಸರು ತಾನೇ ಸೇರಿರುತ್ತದೆ. ಬರೆಯದೇ ಇದ್ದ ಶಾಲೆಗಳಿಗೂ ಆಮೇಲೆ ಸೇರಿಸಿಕೊಳ್ಳಬಹುದು. ಸಿಇಟಿಯ ಚಾಯ್ಸ್ 2 ನೆನಪಿದೆಯಲ್ಲ, ಸೀಟು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು, ಇದೂ ಹಾಗೇ, ಫೀಸು ಕಟ್ಟುವ ಗೋಳಿಲ್ಲ. ಆದರೆ ವೇಟ್‌ಲಿಸ್ಟಿನ ಸೀಟು ಒಪ್ಪಿಕೊಂಡ ಕ್ಷಣ ಹಳೆಯ ಆಫರ್ ಹೋಗುತ್ತದೆ. ಅದು ಇಮೇಲಿನಲ್ಲಿ ಬರುತ್ತದೆ, ಉತ್ತರಕ್ಕೆ ಗಡುವು ಇರುತ್ತದೆ. ಬೇಸಿಗೆಯಲ್ಲಿ ಊರಿಗೆ ಹೋದವರು ಆ ಇಮೇಲ್ ನೋಡದೆ ಸೀಟು ಬಿಟ್ಟುಕೊಳ್ಳುತ್ತಾರೆ. ಚಾರ್ಟರ್ ಶಾಲೆಗಳ (ಸರ್ಕಾರದ ಹಣದಲ್ಲಿ ಸ್ವತಂತ್ರ ಸಂಸ್ಥೆಗಳು ನಡೆಸುವ ಶಾಲೆಗಳು) ಅರ್ಜಿ ಇದರಲ್ಲಿ ಸೇರಿಲ್ಲ, ಅದು ಪ್ರತ್ಯೇಕ, ಗಡುವು ಏಪ್ರಿಲ್ 1.

ಟವೆಲ್_ಹಾಕಬೇಡಿ:

ಇಷ್ಟದ ಕ್ರಮ ಅಂತ ಬಾಯಿ ತುಂಬ ಹೇಳಿದೆ. ಆ ಇಷ್ಟವನ್ನ ಯಾವುದರ ಮೇಲೆ ಕಟ್ಟೋದು ಅಂತಲೂ ಒಂದೆರಡು ಮಾತು. ಸ್ಟೈವಸೆಂಟ್, ಬ್ರಾಂಕ್ಸ್ ಸೈನ್ಸ್ ಥರದ ಹೆಸರಾಂತ ಹೈಸ್ಕೂಲುಗಳ ಕನಸಿಗೋಸ್ಕರ ಮಿಡ್ಲ್ ಸ್ಕೂಲ್ ಆರಿಸಬೇಡಿ. ಅವು ನೋಡೋದು ಒಂದೇ ಪ್ರವೇಶ ಪರೀಕ್ಷೆ, ಮಗು ಯಾವ ಶಾಲೆಯಿಂದ ಬಂತು ಅನ್ನೋದಲ್ಲ. ಅದರ ಬದಲು ಶಾಲೆ ನೋಡೋಕೆ ಹೋದಾಗ ಕೇಳಿ: ಎಂಟನೇ ಗ್ರೇಡಿನಲ್ಲಿ ಆಲ್‌ಜಿಬ್ರಾ ರೀಜೆಂಟ್ಸ್ (ರಾಜ್ಯದ ಹೈಸ್ಕೂಲ್ ಮಟ್ಟದ ಪರೀಕ್ಷೆ) ಕೊಡಿಸ್ತೀರಾ, ಕೊಡಿಸಿದರೆ ಎಲ್ಲರಿಗೋ ಆಯ್ದ ಒಂದು ಸೆಕ್ಷನ್‌ಗೋ? ಶಾಲೆ ನೋಡೋಕೆ ಹೋಗಿದ್ದಕ್ಕೆ ಅರ್ಜಿಯಲ್ಲಿ ಯಾವ ಲಾಭವೂ ಇಲ್ಲ, ಹೋಗದಿದ್ದರೆ ನಷ್ಟವೂ ಇಲ್ಲ.

ದೂರ ಲೆಕ್ಕ ಹಾಕಿ. ಹಳದಿ ಶಾಲಾ ಬಸ್ಸಿನ ಅರ್ಹತೆ ಆರನೇ ಗ್ರೇಡಿಗೆ ಮುಗಿಯುತ್ತೆ. ಏಳು, ಎಂಟಕ್ಕೆ ಶಾಲೆ ಕೊಡೋ ಓಮ್ನಿ ಕಾರ್ಡ್ ಹಿಡ್ಕೊಂಡು ಸಿಟಿ ಬಸ್ಸು, ಸಬ್‌ವೇ. ದಿನಕ್ಕೆ ನಾಲ್ಕು ಪ್ರಯಾಣ ಉಚಿತ. ಡಿಸ್ಟ್ರಿಕ್ಟ್ 26ರ ಬಹುಪಾಲು ಕಡೆ ಸಬ್‌ವೇನೇ ಇಲ್ಲ, ಎರಡು ಬಸ್ ಬದಲಾಯಿಸಬೇಕಾದ ಶಾಲೆ ನಕ್ಷೆಯಲ್ಲಿ ಹತ್ತಿರ ಕಾಣುತ್ತೆ. ಬೆಳಗ್ಗೆ ಏಳೂವರೆಗೆ ಆ ದಾರಿಯಲ್ಲಿ ಒಂದು ಸಲ ಹೋಗಿ ನೋಡಿ, ಭಾನುವಾರ ಅಲ್ಲ.

ಬೌನ್_ಬೀದಿ_ಅಮ್ಮ:

ಶಾಲೆಯ ದಾಖಲೆಯಲ್ಲಿ ಹಳೇ ವಿಳಾಸವೇ ಇದೆ, ಈಗ ನೋಡಿದೆ. ಸೋಮವಾರ ಬಾಡಿಗೆ ಕರಾರು, ಕರೆಂಟ್ ಬಿಲ್ಲು ತಗೊಂಡು ಆಫೀಸಿಗೆ ಹೋಗ್ತೀನಿ.

ಫಾರಂ_ಪರಿಣಿತ:

ಕರೆಂಟ್ ಬಿಲ್ಲಿನ ದಿನಾಂಕ ನೋಡ್ಕೊಳ್ಳಿ ಮೇಡಂ, 60 ದಿನ ದಾಟಿದ್ದರೆ ತಗೊಳ್ಳಲ್ಲ. ಹೆಸರೂ ನೋಡಿ. ಬಿಲ್ಲು ಯಜಮಾನರ ಹೆಸರಲ್ಲಿದ್ದು ಶಾಲೆಯ ದಾಖಲೆಯಲ್ಲಿ ನಿಮ್ಮ ಹೆಸರು ಮಾತ್ರ ಇದ್ದರೆ ಅವರನ್ನೂ ಕರ್ಕೊಂಡು ಹೋಗಿ.